ನಿನ್ನ ಭಾವನ ಕೈ ತಪ್ಪಿರಲಿಲ್ಲ

ಧನರಾಜನಿಗೆ,

ಹೆಸರಿನ ಹಿಂದೆ ಒಂದು ಒಳ್ಳೆಯ ಮಾತು ಸೇರಿಸುವುದು ವಾಡಿಕೆ. ಹುಡುಕಿದೆ, ಸಿಗಲಿಲ್ಲ. ಹುಟ್ಟಿದಂದಿನಿಂದ ನಾವು ಅಕ್ಕ ತಮ್ಮ ತುಳುವಿನಲ್ಲೇ ಮಾತಾಡಿಕೊಂಡವರು. ಆದರೆ ಈಗ ಫೋನಿನಲ್ಲಿ ನಾನು ಬಾಯಿ ತೆರೆದ ಕೂಡಲೇ "ಅಕ್ಕ, ಮತ್ತೆ ಮಾಡ್ತೇನೆ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದಿದ ಮೇಲೆ ಹರಿದು ಬಿಸಾಡು, ನನಗೇನೂ ಇಲ್ಲ. ಓದದೆ ಹರಿಯುವ ಧೈರ್ಯ ನಿನಗಿಲ್ಲ ಎಂದು ಗೊತ್ತು.

ಕಳೆದ ಭಾನುವಾರ ನೀನು ದ್ರಾಕ್ಷಿಯ ಜೊತೆ ಟೈಪ್ ಮಾಡಿಸಿದ ಒಂದು ಕಾಗದವನ್ನೂ ತಂದೆ. "ಸುಮ್ಮನೆ ಸಾಕ್ಷಿಗೆ ಒಂದು ಸೈನ್ ಅಕ್ಕ. ಭಾವನ ಹತ್ರವೂ ಹಾಕಿಸಿ ಇಡು, ನಾನು ಬುಧವಾರ ಬಂದು ತಕೊಂಡು ಹೋಗ್ತೇನೆ" ಎಂದು ಹೇಳಿ, ನಿನ್ನ ಭಾವ ಮಲಗಿದ್ದ ಕೋಣೆಗೆ ಇಣುಕಿಯೂ ನೋಡದೆ ಹೋದೆ. ಕಾಗದ ಮಲಯಾಳದಲ್ಲಿತ್ತು. ನನಗೆ ಅದನ್ನು ಓದಲು ಬರುವುದಿಲ್ಲ ಎಂದೇ ಹಾಗೆ ಮಾಡಿಸಿದ್ದಲ್ಲವೇ? ಮಗಳು ದೀಕ್ಷಿತಾ ಕಾಲೇಜಿನಿಂದ ಬಂದು ಓದಿ ಹೇಳಿದಳು. ನಿನ್ನ ಭಾವನೇ ಪೊಲೀಸರಿಗೆ ಹೇಳಿಕೆ ಕೊಟ್ಟ ಹಾಗೆ ಬರೆದಿತ್ತು: "ಟ್ರೇಲರಿನ ಚಕ್ರಕ್ಕೆ ಕಲ್ಲು ಇಡುವಾಗ ನನ್ನ ಕೈ ತಪ್ಪಿ ಅಪಘಾತವಾಯಿತು. ವಾಹನದಲ್ಲಿ ಯಾವ ದೋಷವೂ ಇರಲಿಲ್ಲ. ಎಂಜಿನಿನಲ್ಲಿ ಯಾವ ಬದಲಾವಣೆಯನ್ನೂ ಮಾಡಿರಲಿಲ್ಲ."

ಕೊನೆಯ ವಾಕ್ಯವನ್ನು ಅವಳಿಂದ ಎರಡು ಸಲ ಓದಿಸಿದೆ. ಯಾರೂ ಕೇಳದ ಮಾತನ್ನು ಅಲ್ಲಿ ಏಕೆ ಬರೆಸಿದ್ದೀ ಎಂದು ಆಗ ನನಗೆ ಅರ್ಥವಾಗಿರಲಿಲ್ಲ.

ಶಾರ್ಜಾದಲ್ಲಿ ಒಂಬತ್ತು ವರ್ಷ ಕೆಟ್ಟು ನಿಂತ ಗಾಡಿಗಳನ್ನು ಎಳೆದು ಬಂದವ ನೀನು. ಊರಿಗೆ ಬಂದು ಪಿಕಪ್ ತೆಗೆದುಕೊಂಡೆ, ಟ್ರೇಲರ್ ಮಾಡಿಸಿದೆ. ಮಳೆಗಾಲಕ್ಕೆ ಮುಂಚೆ ಕಡಪ್ಪುರದ ಮರಳದಂಡೆಯಿಂದ ಫೈಬರ್ ದೋಣಿಗಳನ್ನು ರಸ್ತೆಗೆ ತರಲು ಮೊದಲೆಲ್ಲ ಇಪ್ಪತ್ತು ಜನ ಹಗ್ಗ ಹಿಡಿಯಬೇಕಿತ್ತು. ನೀನು ಬಂದ ಮೇಲೆ ಇಬ್ಬರು ಸಾಕಾಯಿತು. ಒಬ್ಬ ನೀನು, ಇನ್ನೊಬ್ಬರು ನಿನ್ನ ಭಾವ. ಊರೆಲ್ಲ ಹೊಗಳಿತು. ನಾನೂ ಹೊಗಳಿದೆ, ಸುಳ್ಳು ಹೇಳುವುದಿಲ್ಲ.

ಆಮೇಲೆ ಉಗ್ಗಪ್ಪಣ್ಣನ ದೊಡ್ಡ ದೋಣಿಯ ದಿನ ಬಂತು. ಕಾಂಕ್ರೀಟಿನ ಏರಿನಲ್ಲಿ ಅರ್ಧ ಹತ್ತಿದ ಪಿಕಪ್ ಉಸಿರು ಕಟ್ಟಿ ಬಂದ್ ಬಿತ್ತು. ಕೊನೆಗೆ ಜನರೇ ಸೇರಿ, ದೋಣಿಯನ್ನೂ ನಿನ್ನ ಗಾಡಿಯನ್ನೂ ಒಟ್ಟಿಗೆ ತಳ್ಳಿದರು. "ಎಂತ ಧನರಾಜ, ನಿನ್ನನ್ನು ಎಳಿಲಿಕ್ಕೆ ಇನ್ನೊಂದು ಪಿಕಪ್ ತರ್ಸುದಾ?" ಎಂದು ಉಗ್ಗಪ್ಪಣ್ಣ ನಕ್ಕದ್ದು ನಿನಗೆ ಚುಚ್ಚಿತು. ಆ ಒಂದು ನಗುವಿಗಾಗಿ ಮರುವಾರವೇ ಮಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದವನೊಬ್ಬನನ್ನು ಕರೆಸಿದೆ. ಅವನು ನಮ್ಮ ಅಂಗಳದಲ್ಲೇ ಕುಳಿತು ಗಾಡಿಗೆ ವಯರ್ ಚುಚ್ಚಿ ಎಂಜಿನಿನ ಪವರ್ ಏರಿಸಿದ. ಅವನಿಗೆ ಚಹಾ ಕೊಟ್ಟವಳು ನಾನೇ.

ಉಪ್ಪಳದ ಮೆಕ್ಯಾನಿಕ್ ಜಯಪಾಲ ಅಂದು ನಮ್ಮ ಪಂಪು ನೋಡಲು ಬಂದಿದ್ದ. ಅವನು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. "ಮಾರಾಯ, ಎಂಜಿನಿಗೆ ಶಕ್ತಿ ಬಂತು, ಸರಿ. ಕ್ಲಚ್ಚು ಅದೇ ಹಳೇದಲ್ವಾ? ಅಷ್ಟು ಪವರು ಅದು ತಡೆಯುದಿಲ್ಲ. ಟ್ರೇಲರಿಗೆ ಬ್ರೇಕೇ ಇಲ್ಲ. ಎಳೆಯುದು ಮಾತ್ರ ಅಲ್ಲ, ಏರಿನಲ್ಲಿ ಹಿಡಿದು ನಿಲ್ಲಿಸುದೂ ಉಂಟಲ್ಲ." ನೀನು ಏನೆಂದೆ? "ನಾನು ಶಾರ್ಜಾದಲ್ಲಿ ಎಳೆದದ್ದರ ಕಾಲು ಭಾಗ ನೀನು ಕಣ್ಣಲ್ಲಿ ನೋಡ್ಲಿಲ್ಲ ಜಯಪಾಲ." ನಿನ್ನ ಭಾವ ನಕ್ಕರು. ಅವರಿಗೆ ನಿನ್ನ ಮೇಲೆ ಅಷ್ಟು ನಂಬಿಕೆ. ಅಪ್ಪ ತೀರಿಕೊಂಡ ವರ್ಷ ಹನ್ನೊಂದರ ನಿನ್ನನ್ನು ಈ ಮನೆಗೆ ಕರೆತಂದು, ಮೊಗ್ರಾಲ್ ಹೊಳೆಯಲ್ಲಿ ಈಜು ಕಲಿಸಿದ್ದು ಅವರೇ. ಆಗ ನಮ್ಮ ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ. ಒಂದು ದಿನವೂ ಅವರು ಅದನ್ನು ಎತ್ತಿ ಆಡಿದವರಲ್ಲ.

ಮೇ ಇಪ್ಪತ್ತರ ಬೆಳಿಗ್ಗೆ, ರಿಪೇರಿಯಾಗಿ ಮತ್ತೆ ಕಡಲಿಗಿಳಿದಿದ್ದ ಅದೇ ದೋಣಿಯನ್ನು ಎಳೆಯಲು ಹೊರಟೆ. ಯಾರೂ ತಳ್ಳಬಾರದು ಎಂದು ಎಲ್ಲರನ್ನೂ ಬದಿಗೆ ನಿಲ್ಲಿಸಿದೆ. "ಭಾವ, ನೀವೊಬ್ಬರು ಕಲ್ಲು ಹಿಡಿದು ಹಿಂದೆ ಬನ್ನಿ, ಸಾಕು" ಎಂದೆ. ನಾನು ಮೀನಿನ ಬುಟ್ಟಿಯ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಪಿಕಪ್ ಕಪ್ಪು ಹೊಗೆ ಬಿಟ್ಟು ಮುಕ್ಕಾಲು ಏರನ್ನು ಹತ್ತಿತು. ಆಮೇಲೆ ಎಂಜಿನ್ ಒಂದೇ ಸಮನೆ ಕಿರುಚತೊಡಗಿತು, ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಏನೋ ಸುಟ್ಟ ವಾಸನೆ ಬಂತು. ಮತ್ತೆ ಎಲ್ಲವೂ ಹಿಂದಕ್ಕೆ ಬರಲು ಶುರುವಾಯಿತು. ನಿನ್ನ ಭಾವ ಬಗ್ಗಿ ಕಲ್ಲು ಇಟ್ಟದ್ದನ್ನು ನಾನು ಕಂಡಿದ್ದೇನೆ. ಚಕ್ರ ಕಲ್ಲನ್ನು ಹತ್ತಿ ಇಳಿಯಿತು. ಮುಂದಿನದನ್ನು ನಾನು ಬರೆಯುವುದಿಲ್ಲ. ನೀನೂ ಅಲ್ಲೇ ಇದ್ದೆ.

ಮಂಗಳೂರಿನ ಆಸ್ಪತ್ರೆಯಲ್ಲಿ ಅವರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯುತ್ತಿದ್ದ ಹೊತ್ತಿನಲ್ಲೇ ನೀನು ಹೊರಗೆ ಪೊಲೀಸರಿಗೆ ಹೇಳಿಕೆ ಕೊಟ್ಟೆ. ಕಲ್ಲು ಇಡಲು ತಡವಾಯಿತು, ಭಾವನ ಕೈ ತಪ್ಪಿತು ಎಂದೆ. ಅವರಿಗೆ ಎಚ್ಚರವಾದಾಗ ಅದನ್ನೇ ಅವರಿಗೂ ಹೇಳಿದೆ, ಹಣೆ ಸವರುತ್ತಾ, ಮೆತ್ತಗೆ: "ಹೋಗ್ಲಿ ಭಾವ, ಯಾರಿಗೂ ಆಗ್ತದೆ." ಮದ್ದಿನ ಅಮಲಿನಲ್ಲಿದ್ದ ಮನುಷ್ಯ ಅದನ್ನು ನಂಬಿದರು. ನಾನು ಕಣ್ಣಾರೆ ಕಂಡದ್ದನ್ನು ಹೇಳಿದರೆ, "ನೀನು ಸಮಾಧಾನಕ್ಕೆ ಹೇಳುದು" ಎನ್ನುತ್ತಿದ್ದರು. ಎರಡು ತಿಂಗಳು ದಿನವೂ ಗೋಡೆಯ ಕಡೆ ಮುಖ ಮಾಡಿ ಒಂದೇ ಪ್ರಶ್ನೆ. "ಮೋಹಿನಿ, ನಾನು ಎಷ್ಟು ತಡ ಮಾಡಿದೆ?" ಕಾಲು ಹೋದದ್ದಕ್ಕಿಂತ ಅದು ಅವರನ್ನು ಹೆಚ್ಚು ತಿಂದಿತು. ಮೂವತ್ತು ವರ್ಷ ಸಮುದ್ರದಲ್ಲಿ ದುಡಿದ ಕೈ ಅದು, ಧನರಾಜ. ಅದನ್ನು ಅವರೇ ಅನುಮಾನಿಸುವ ಹಾಗೆ ನೀನು ಮಾಡಿದೆ.

ನಿನ್ನ ಕಾಗದದ ಆ ಕೊನೆಯ ವಾಕ್ಯ ಹಿಡಿದುಕೊಂಡು ನಾನು ಸೋಮವಾರ ಜಯಪಾಲನ ಗ್ಯಾರೇಜಿಗೆ ಹೋದೆ. ಅವನು ತುಂಬಾ ಹೊತ್ತು ಕೈ ಒರೆಸುತ್ತಲೇ ಇದ್ದ. ಆಮೇಲೆ ಮೂಲೆಯಲ್ಲಿದ್ದ ಗೋಣಿಯೊಳಗಿನಿಂದ ದುಂಡಗಿನ ಒಂದು ತಟ್ಟೆ ತೆಗೆದ. ಅರ್ಧಕ್ಕರ್ಧ ಸುಟ್ಟು ಕರಿಯಾಗಿತ್ತು. "ಇದು ಆ ಪಿಕಪ್ಪಿನ ಕ್ಲಚ್ ಪ್ಲೇಟ್ ಮೋಹಿನಿಯಕ್ಕ. ಇದು ಸುಟ್ಟರೆ ಎಂಜಿನಿನ ಶಕ್ತಿ ಚಕ್ರಕ್ಕೆ ಮುಟ್ಟುದಿಲ್ಲ. ಆಕ್ಸಿಡೆಂಟ್ ಆದ ಮರುದಿನ ಧನರಾಜ ನನ್ನ ಹತ್ರ ಹೊಸತು ಹಾಕಿಸಿದ. ಲ್ಯಾಪ್‌ಟಾಪಿನವನೂ ಬಂದು ಎಂಜಿನನ್ನು ಮೊದಲಿನ ಹಾಗೆ ಮಾಡಿ ಹೋದ. ಮತ್ತೆ ಮೂರು ದಿನ ಕಳೆದು ಗಾಡಿ ನೋಡ್ಲಿಕ್ಕೆ ಇನ್ಸ್‌ಪೆಕ್ಟರ್ ಬಂದದ್ದು. ಅವರಿಗೆ ಎಂತ ಸಿಗ್ತದೆ? ನಿಮ್ಮ ಯಜಮಾನ್ರು ಭುಜಂಗಣ್ಣ ಒಂದಲ್ಲ, ನಾಲ್ಕು ಕಲ್ಲು ಇಟ್ಟಿದ್ರೂ ನಿಲ್ತಿರ್ಲಿಲ್ಲ. ನಾನು ಬಾಯಿ ಮುಚ್ಚಿ ಕೂತದ್ದು ತಪ್ಪು. ಎಲ್ಲಿ ಬೇಕಾದ್ರೂ ಬಂದು ಹೇಳ್ತೇನೆ."

ಭಾವ ಆಸ್ಪತ್ರೆಯಲ್ಲಿ ನೋವಿನಿಂದ ಕೂಗುತ್ತಿದ್ದಾಗ ನೀನು ಗ್ಯಾರೇಜಿನಲ್ಲಿದ್ದೆ. "ಔಷಧಿ ತರ್ತೇನೆ ಅಕ್ಕ" ಎಂದು ಹೇಳಿ ಹೋದ ದಿನವೇ ಅದು. ಸಂಜೆ ಔಷಧಿಯನ್ನೂ ತಂದಿದ್ದೆ. ಹೆದರಿ ಓಡಿಹೋಗಿದ್ದರೆ ಕ್ಷಮಿಸುತ್ತಿದ್ದೆನೋ ಏನೋ. ನೀನು ಹೆದರಿ, ಲೆಕ್ಕ ಹಾಕಿ, ನಗುಮುಖ ಮಾಡಿಕೊಂಡು ವಾಪಸು ಬಂದೆ.

ಜಯಪಾಲನನ್ನು ಅವತ್ತೇ ಮನೆಗೆ ಕರೆತಂದೆ. ಹಾಸಿಗೆಯ ಬದಿಯಲ್ಲಿ ಕೂತು ಅವನು ಎಲ್ಲವನ್ನೂ ಹೇಳಿದ. ನಿನ್ನ ಭಾವ ಅಳಲಿಲ್ಲ, ನಿನ್ನನ್ನು ಬೈಯಲೂ ಇಲ್ಲ. "ಹಾಗಾದ್ರೆ ನಾನು ಸರಿಯಾಗಿಯೇ ಇಟ್ಟದ್ದು" ಎಂದರು. ಮತ್ತೆ ದೀಕ್ಷಿತಾಳನ್ನು ಕರೆದು ಕನ್ನಡಿಯೂ ಬ್ಲೇಡೂ ಕೇಳಿದರು. ಎರಡು ತಿಂಗಳ ಗಡ್ಡವನ್ನು ತಾವೇ ತೆಗೆದರು. ಕೈ ಒಂದಿಷ್ಟೂ ನಡುಗಲಿಲ್ಲ. ನಾನು ಅಡುಗೆಕೋಣೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಆಮೇಲೆ ಅವರು, "ಹುಡುಗನನ್ನು ಬಿಟ್ಟುಬಿಡು ಮೋಹಿನಿ, ಅವನ ಜೀವನ ಹಾಳಾಗ್ತದೆ" ಎಂದರು. ಅವರು ಬಿಟ್ಟಾರು. ನಾನು ಬಿಡುವುದಿಲ್ಲ. ನೀನು ಹುಡುಗನಲ್ಲ, ಮೂವತ್ತನಾಲ್ಕು ವರ್ಷದ ಗಂಡಸು.

ಬುಧವಾರ ನೀನು ಬಂದು ಗೇಟಿನಲ್ಲಿ ಹಾರ್ನ್ ಹಾಕಿದೆ. ಬಾಗಿಲು ತೆರೆಯದಿದ್ದದ್ದು ನಾನೇ. ನಿನ್ನ ಕಾಗದಕ್ಕೆ ಯಾರ ಸಹಿಯೂ ಬೀಳುವುದಿಲ್ಲ. ಅದು ನನ್ನ ಬಳಿಯೇ ಇರುತ್ತದೆ. ಬರುವ ಸೋಮವಾರ ಹತ್ತು ಗಂಟೆಗೆ ನಾನೂ ಜಯಪಾಲನೂ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೇವೆ. ಅದಕ್ಕೆ ಮೊದಲು ನೀನೇ ಅಲ್ಲಿಗೆ ಹೋಗಿ, ಮಾಡಿದ್ದನ್ನೆಲ್ಲ ನಿನ್ನ ಬಾಯಿಂದಲೇ ಹೇಳುವುದಾದರೆ ನಾನು ಹೊರಗಿನ ಬೆಂಚಿನಲ್ಲಿ ಕೂತಿರುತ್ತೇನೆ, ನೀನು ಹೇಳಿ ಮುಗಿಸುವವರೆಗೆ. ಇಲ್ಲದಿದ್ದರೆ ಒಳಗೆ ಹೋಗಿ ನಾನೇ ಹೇಳುತ್ತೇನೆ, ಒಂದು ಶಬ್ದವನ್ನೂ ಬಿಡದೆ.

ಸೋಮವಾರದವರೆಗೆ ದೇವರು ನಿನಗೆ ಒಂದು ಗಳಿಗೆಯೂ ನಿದ್ದೆ ಕೊಡದಿರಲಿ. ಅದರ ನಂತರ ಕೊಡಲಿ.

ಇಷ್ಟೇ,
ನಿನ್ನ ಅಕ್ಕ
ಮೋಹಿನಿ