ಹಿಗ್ಗದ ಸರಳು

ಏಪ್ರಿಲ್ 27

ಇವತ್ತೂ ಊಟ ನಮ್ಮ ಎರಕದ ಭಟ್ಟಿ ಮುಂದೆಯೇ. ಕಬ್ಬಿಣಕ್ಕೆ ನೂರಕ್ಕೆ ಮೂವತ್ತಾರು ಪಾಲು ನಿಕ್ಕಲ್ ಬೆರೆಸಿದರೆ ಇನ್ವಾರ್—ಬಿಸಿಗೆ ಹಿಗ್ಗುವುದೇ ಇಲ್ಲ ಅನ್ನಬಹುದಾದ ಲೋಹ. ಅದನ್ನು ಇಲ್ಲೇ ಹೊಯ್ಯೋಣ ಅಂದೆ. ಅಪ್ಪನಿಗೆ ನಗು. ಜೀವನವಿಡೀ ತಿಕೋಟಾದ ದ್ರಾಕ್ಷಿ ತೋಟಗಳಿಗೆ ಪಂಪಿನ ಬಾಡಿ ಎರಕ ಹೊಯ್ದವನು.

"ಬಿಸಿ ಆದ್ರೂ ಹಿಗ್ಗಲಾರದ ಕಬ್ಬಿಣ ಐತೇನ? ಒಂದ ಸಲ ಭಟ್ಟಿ ಕೊಡ್ತೀನಿ. ಆಗಲಿಲ್ಲಂದ್ರ ಮತ್ತ ಪಂಪ, ಬಾಯಿ ಮುಚಗೊಂಡ."

ಆಗುತ್ತದೆ. ನನಗೆ ಅನುಮಾನವೇ ಇಲ್ಲ.

ಮೇ 6

ಹೊಯ್ದೆವು. ನಮ್ಮ ಭಟ್ಟಿ ಕೆಲಸದ ಜಿಲಾನಿ ಒಂದು ಹನಿ ಚೆಲ್ಲಲಿಲ್ಲ. ಒಂದು ಸರಳು ಬಂತು. ಅಳೆಯುವ ಸ್ಟ್ಯಾಂಡು ಹಿಗ್ಗಬಾರದಲ್ಲ—ಅದನ್ನೂ ಇದೇ ಲೋಹದಲ್ಲಿ ಮಾಡಿಸಿದೆ. ಜಾಣತನ ಅಂದರೆ ಇದು!

ಮೇ 11, ಸಂಜೆ

ಗೆದ್ದೆ!! ಸ್ಟ್ಯಾಂಡಿನಲ್ಲಿ ಸರಳು, ತುದಿಗೆ ಕೂದಲೆಳೆಯಷ್ಟು ಹಿಗ್ಗಿದರೂ ಮುಳ್ಳು ಓಡುವ ಡಯಲ್ ಗೇಜ್. ಬೆಳಿಗ್ಗೆ ನೆರಳಲ್ಲಿ ಮುಳ್ಳು ಸೊನ್ನೆ. ಮಧ್ಯಾಹ್ನವಿಡೀ ಅಂಗಳದ ಬಿಸಿಲಲ್ಲಿಟ್ಟೆ, ಮುಟ್ಟಿದರೆ ಬೊಬ್ಬೆ ಏಳುವಷ್ಟು ಕಾದಿತ್ತು. ಆಗಲೂ ಸೊನ್ನೆ. ಅಪ್ಪ ನಿಡೋಣಿಯ ಗಿರಾಕಿ ಎದುರಿಗೇ ಅಂದ: "ಮಗಳ ಮುಂದ ಸೋತೀನ್ರಿ. ಇನ್ನ ಪಂಪಿಗೆ ಬ್ಯಾರೆ ಕಡೆ ನೋಡಕೋರಿ."

ಸೋತವನ ಮುಖದಲ್ಲಿ ಎಷ್ಟು ಹೆಮ್ಮೆ! ಕುಣಿಯಬೇಕೆನಿಸಿತು.

ಮೇ 12

ಹಲ್ಲುಜ್ಜುವಾಗ ಹೊಳೆಯಿತು. ಥೂ! ಸರಳು, ಸ್ಟ್ಯಾಂಡು ಎರಡೂ ಒಂದೇ ಲೋಹ. ಹಿಗ್ಗಿದ್ದರೂ ಜೊತೆಗೇ ಹಿಗ್ಗಿರುತ್ತವೆ, ಮುಳ್ಳು ಕದಲುವುದು ಹೇಗೆ? ಎರಡೂ ಬರೀ ಕಬ್ಬಿಣವಾಗಿದ್ದರೂ ಸೊನ್ನೆಯೇ ತೋರಿಸುತ್ತಿತ್ತು. ಓತಿಕ್ಯಾತನಿಗೆ ಬೇಲಿ ಗೂಟ ಸಾಕ್ಷಿ.

ಹೇಳದಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ... ಹೇಳಿದೆ. ಅಪ್ಪ ಪಂಪಿನ ಅಚ್ಚು ಮತ್ತೆ ಹೊರಗೆ ತೆಗೆದ. ಗಿರಾಕಿ ಹೋಗಿಯಾಗಿದೆ. ನಾಚಿಕೆಯಿಂದ ಅತ್ತೆ. ತಪ್ಪು ನನ್ನ ಅಳತೆಯದು, ಲೋಹದ್ದಲ್ಲ. ಅದು ಹಿಗ್ಗುವುದಿಲ್ಲ, ನನಗೆ ಗೊತ್ತು.

ಮೇ 15, ಮಧ್ಯಾಹ್ನ

ಸ್ಟ್ಯಾಂಡು ನೆರಳಲ್ಲಿ ತಣ್ಣಗೆ. ಬಿಸಿನೀರು ಸರಳಿಗೆ ಮಾತ್ರ. ಮೊದಲು ಅಷ್ಟೇ ಉದ್ದದ, ಪಂಪಿಗೆ ಹೊಯ್ಯುವ ಕಬ್ಬಿಣದ ಸರಳು—ಮುಳ್ಳು ಹದಿನೈದು ಗೆರೆ ಓಡಿತು. ಆಮೇಲೆ ನಮ್ಮದು—ಎರಡು ಗೆರೆ. ಅಷ್ಟೇ. ನಿಂತಿತು.

ಅಪ್ಪ ಗೇಜಿನ ಗಾಜು ತಟ್ಟಿ ನೋಡಿದ. "ಯವ್ವಾ, ಇದು ಕೆಟ್ಟೈತೇನ?"

ಮತ್ತೆ ತಾನೇ ಕಬ್ಬಿಣ ಇಟ್ಟ. ಓಡಿತು. ನಮ್ಮದು ಇಟ್ಟ. ನಿಂತಿತು. ಎದ್ದು ಹೊರಗೆ ಹೋದ.

ಈಗ ಹೊರಗೆ ಫೋನಿನಲ್ಲಿ ಯಾರ ಜೊತೆಗೋ ನಿಕ್ಕಲ್ ದರಕ್ಕೆ ಜಗಳ. ಅಪ್ಪನದೇ ದನಿ! ಕೂಗುತ್ತಿದ್ದಾನೆ—"ವಿದ್ಯಾ, ಮುಂದಿನ ಭಟ್ಟಿಗೆ ಎಷ್ಟ ಕೆಜಿ ಅಂತ ಹೇಳ್ಲಿ? ಲಗೂನ ಬಾ!"

ಬಂದೆ, ಮೊದಲು ಕಣ್ಣು ಒರೆಸಿಕೊಂಡು...