ಬಚ್ಚಲ ನೀರಿನ ಜೀವಿಗಳು

ಕೊಪ್ಪಳ, ಜೂನ್ ೧೯೩೮

ಪೂಜ್ಯ ಮಾವನವರಾದ ದ್ಯಾವಪ್ಪನವರಿಗೆ ಅಳಿಯ ಅಯ್ಯಪ್ಪನ ನಮಸ್ಕಾರಗಳು.

ನಮ್ಮ ಮಗುವಿಗೆ ಆಮಶಂಕೆಯಾದಾಗ ನಮ್ಮ ಅವ್ವ, ನಿಮ್ಮ ಮಗಳು ಭೀಮಕ್ಕನ ಎದೆಹಾಲೇ ಕೆಟ್ಟಿದೆ ಎಂದಳು. ಮಗು ತೀರಿಕೊಂಡ ಮೇಲೆ ಭೀಮಕ್ಕ ಹನುಮಸಾಗರದ ನಿಮ್ಮ ಮನೆಗೆ ಬಂದುಬಿಟ್ಟಳು.

ಈಗ ಕೇರಿಯಲ್ಲಿ ಬೇರೆಯವರಿಗೂ ಅದೇ ಕಾಯಿಲೆ. ನಾನು ಕೆಲಸ ಮಾಡುವ ದವಾಖಾನೆಯ ಡಾಕ್ಟರು ನಮ್ಮ ಬಚ್ಚಲ ಗುಂಡಿಯ ನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ನನಗೂ ತೋರಿಸಿದರು. ಒಂದೇ ಕೋಶದ ಜೀವಿಗಳು ಚಪ್ಪಲಿಯ ಆಕಾರದಲ್ಲಿ ಓಡಾಡುತ್ತಿದ್ದವು. ನಮ್ಮ ಬಾವಿಯ ನೀರಿನಲ್ಲೂ ಅವೇ ಇದ್ದವು. ಅವು ರೋಗ ತರುವುದಿಲ್ಲವಂತೆ. ಆದರೆ ಬಚ್ಚಲ ನೀರು ಬಾವಿಗೆ ಇಳಿಯುತ್ತಿದೆ, ಮಗುವಿನ ಕಾಯಿಲೆ ಆ ನೀರಿನಿಂದಲೇ ಬಂದಿರಬೇಕು ಎಂದರು.

ಅವ್ವನನ್ನೂ ಕರೆದೊಯ್ದು ಬಾವಿಯ ನೀರನ್ನು ತೋರಿಸಿದೆ. ಬಹಳ ಹೊತ್ತು ಸೂಕ್ಷ್ಮದರ್ಶಕದಿಂದ ಕಣ್ಣು ಕೀಳಲಿಲ್ಲ. ಆಮೇಲೆ, "ಹಾಲು ಬಿಡಿಸಿ ಕೂಸಿಗೆ ಆ ನೀರು ಕುಡಿಸಿದಾಕಿ ನಾನಽ" ಎಂದಳು.

ಗುಂಡಿ ಮುಚ್ಚಿಸಿದ್ದೇನೆ. ನೀವೂ ನೀರು ಕಾಯಿಸಿ ಕುಡಿಯಿರಿ.

ಸೋಮವಾರ ಅವ್ವ ನಿಮ್ಮಲ್ಲಿಗೆ ಬರುತ್ತಾಳೆ. "ಭೀಮಕ್ಕನ ಮುಂದ ನಾನಽ ಹೇಳಬೇಕು, ನೀ ಬರಬ್ಯಾಡ" ಎಂದಿದ್ದಾಳೆ. ಇಲ್ಲಿಗೆ ಮರಳಿ ಬಾ ಎಂದು ಭೀಮಕ್ಕನನ್ನು ಒತ್ತಾಯಿಸಬೇಡಿ. ಆಕೆ ಬರಲೊಲ್ಲೆ ಎಂದರೂ ಅವ್ವನಿಗೆ ಉಣ್ಣಲಿಕ್ಕೆ ಬಡಿಸಿ ಕಳಿಸಿ.

ನಿಮ್ಮ ಅಳಿಯ,
ಅಯ್ಯಪ್ಪ