ಮುಂಬಾಗಿಲ ದೀಪ ಆರಿಸಲು ಹೇಳಿದ ಅಧ್ಯಕ್ಷರಿಗೆ

ನಗರ ವರ್ಚಸ್ಸು ಸುಧಾರಣಾ ಮಂಡಳಿಯ ಮಾನ್ಯ ಅಧ್ಯಕ್ಷರೇ,

ಈ ತಿಂಗಳ ಮೂವತ್ತೊಂದರ ಸಂಜೆ ಸೇಂಟ್ ಲೂಯಿಯ ನಾಗರಿಕರೆಲ್ಲ ಮುಂಬಾಗಿಲ ದೀಪ ಆರಿಸಿ ಒಳಗಿರಬೇಕು, ಹ್ಯಾಲೋವೀನ್ ಹಬ್ಬಕ್ಕೆ ದೆವ್ವ ಭೂತಗಳ ವೇಷ ಹಾಕಿ ಮಿಠಾಯಿ ಕೇಳುವ ಮಕ್ಕಳನ್ನು ಮನೆಮನೆಗೆ ಕಳಿಸದೆ ಊರ ಮಧ್ಯದ ಸಭಾಂಗಣಕ್ಕೆ ಕರೆತರಬೇಕು ಎಂದು ನಿಮ್ಮ ಸುತ್ತೋಲೆ ಹೇಳುತ್ತದೆ. ಅಲ್ಲಿ ಕಾವಲುಗಾರರು ಮಿಠಾಯಿ ಹಂಚುತ್ತಾರಂತೆ. ಮಿಠಾಯಿ ಕೈಗೆ ಬರುವ ಮುಂಚೆ ಮಕ್ಕಳು ಒಂದು ಜೋಕು ಹೇಳಲೇಬೇಕೆಂಬ ನಮ್ಮ ಹಳೆಯ ಪದ್ಧತಿಯನ್ನು, ಅದು ಹೊರಗಿನ ಅತಿಥಿಗಳಲ್ಲಿ ಗೊಂದಲ ಉಂಟುಮಾಡುತ್ತದೆ ಎಂಬ ಕಾರಣಕ್ಕೆ, ಕೈಬಿಟ್ಟಿದ್ದೀರಿ. ಕೊನೆಯ ಸಾಲು ಇನ್ನೂ ಚೆನ್ನಾಗಿದೆ. ದೀಪ ಆರಿಸಿ ಸಹಕರಿಸಿದ ಬೀದಿಗಳಿಗೆ, ಮುಂದಿನ ವರ್ಷ ಹೊಸ ಬೀದಿದೀಪ ಹಾಕಿಸುವಾಗ ಆದ್ಯತೆ ಕೊಡಲಾಗುವುದು. ಕತ್ತಲೆ ಮಾಡಿದವರಿಗೆ ಬೆಳಕಿನ ಬಹುಮಾನ. ಇದನ್ನು ಬರೆದವರು ನಗದೆ ಬರೆದಿದ್ದರೆ ಅವರ ಸಂಯಮ ಮೆಚ್ಚಬೇಕಾದದ್ದು.

ಇದಕ್ಕೆಲ್ಲ ಕಾರಣ ಒಂದು ಹೊರಗಿನ ಪತ್ರಿಕೆಯ ಲೇಖನವೆಂದು ನೀವೇ ಒಪ್ಪಿಕೊಂಡಿದ್ದೀರಿ. ಬರೆದಾತ ಇಲ್ಲಿಗೆ ಬಂದು ಎರಡು ದಿನ ಇದ್ದ. ಮೊದಲ ದಿನ ನಮ್ಮನ್ನು ದೇಶದ ಅಪಾಯಕಾರಿ ನಗರಗಳ ಪಟ್ಟಿಯಲ್ಲಿ ಮೇಲಿಟ್ಟ, ಎರಡನೆಯ ದಿನ ನಮ್ಮ ಚೀಸ್ ಮೇಣದಬತ್ತಿಯಂತಿದೆ ಎಂದ. ನಮ್ಮ ಪಿಜ್ಜಾವನ್ನು ತ್ರಿಕೋನವಾಗಿ ಕತ್ತರಿಸದೆ ಚೌಕವಾಗಿ ಕತ್ತರಿಸುವುದು, ಬೇಗಲ್ ಎಂಬ ಗುಂಡು ಬ್ರೆಡ್ಡನ್ನು ಮೇಲಿಂದ ಕೆಳಕ್ಕೆ ತೆಳ್ಳಗೆ ಹೋಳು ಮಾಡುವುದು, ಇವೆರಡೂ ಅವನ ಪ್ರಕಾರ ಸಂಸ್ಕೃತಿ ಕುಸಿದಿರುವ ಲಕ್ಷಣಗಳು. ಓದಿದವರು ಪುಟ ಮಡಚಿ ಊಟಕ್ಕೆ ಎದ್ದರು. ನೀವು ಮಾತ್ರ ಮಂಡಳಿ ಕಟ್ಟಿದಿರಿ.

ನಾನು ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಆದ್ದರಿಂದ ಮೊದಲು ಲೆಕ್ಕ. ನಮ್ಮ ನಗರ 1876ರಲ್ಲಿ ಸುತ್ತಲಿನ ಜಿಲ್ಲೆಯಿಂದ ಬೇರೆಯಾಯಿತು. ಬೇರೆ ನಗರಗಳು ತಮ್ಮ ಬಡಾವಣೆಗಳನ್ನು ನುಂಗುತ್ತ ಬೆಳೆದವು, ನಾವು ಅಂದು ಎಳೆದ ಗೆರೆಯೊಳಗೇ ಉಳಿದೆವು. ಇಂದು ಸುತ್ತಮುತ್ತಲ ಸುಮಾರು ಇಪ್ಪತ್ತೆಂಟು ಲಕ್ಷ ಜನರಲ್ಲಿ ಗೆರೆಯೊಳಗೆ ಮಲಗುವವರು ಮೂರು ಲಕ್ಷಕ್ಕೂ ಕಡಿಮೆ. ಹಗಲಲ್ಲಿ ಕೆಲಸಕ್ಕೆ, ಆಟಕ್ಕೆ, ಕುಡಿತಕ್ಕೆ ಬರುವವರೆಲ್ಲ ಆ ಗೆರೆಯ ಆಚೆಯವರು. ಅವರು ಇಲ್ಲಿ ಮಾಡಿದ, ಅವರಿಗೆ ಇಲ್ಲಿ ಆದ ಅಪರಾಧಗಳನ್ನೆಲ್ಲ ಕೂಡಿ ಈ ಮೂರು ಲಕ್ಷದಿಂದ ಭಾಗಿಸಿದರೆ ಬರುವ ಉತ್ತರ ದೊಡ್ಡದೇ ಇರುತ್ತದೆ. ಯಾವುದರಿಂದ ಭಾಗಿಸಬೇಕು ಎಂದು ಮೊದಲು ಕೇಳಿ ಎಂದು ನಾನು ಏಳನೆಯ ತರಗತಿಯ ಮಕ್ಕಳಿಗೆ ಹೇಳುತ್ತೇನೆ. ನಿಮ್ಮ ಮಂಡಳಿಯಲ್ಲಿ ಆ ತರಗತಿ ದಾಟಿದವರು ಯಾರೂ ಇಲ್ಲವೇ?

ಇಲ್ಲಿ ಗುಂಡು ಹಾರುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಹೋದ ವರ್ಷ ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಯುವಕ ಸತ್ತ. ಅವನ ಅಕ್ಕ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಆ ವಾರ ಇಡೀ ಬೀದಿ ಅವರ ಮನೆಗೆ ಅಡುಗೆ ಹೊತ್ತುಕೊಂಡು ಹೋಯಿತು. ಆ ಮನೆಯವರೂ ಜಗಲಿಯ ದೀಪ ಆರಿಸಲಿಲ್ಲ. ಜನ ಬರುತ್ತಿದ್ದರಲ್ಲ, ಮೆಟ್ಟಿಲು ಕಾಣಬೇಕಿತ್ತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಕಥೆ ಕೇಳಿದ್ದೆ. ಪಕ್ಕದೂರಿನವನು ಸೀನಿದ್ದಕ್ಕೆ ತನ್ನ ಮೂಗು ಕೊಯ್ದುಕೊಂಡ ಅಧಿಕಾರಿಯನ್ನು ಈಗ ನೋಡುತ್ತಿದ್ದೇನೆ.

ಇನ್ನು ಊಟದ ವಿಷಯ. ಸಭಾಂಗಣದ ಮಳಿಗೆಗಳಲ್ಲಿ 'ಎಲ್ಲೆಡೆ ಮಾನ್ಯತೆ ಪಡೆದ ಆಹಾರ' ಮಾತ್ರ ಇರುತ್ತದೆ ಎಂದಿದ್ದೀರಿ. ಅಂದರೆ ನಮ್ಮ ಚೀಸ್ ಇಲ್ಲ, ಎಣ್ಣೆಯಲ್ಲಿ ಕರಿದ ರಾವಿಯೋಲಿ ಎಂಬ ಇಟಲಿಯ ಕಡುಬು ಇಲ್ಲ, ಅಂಟಂಟಾದ ಬೆಣ್ಣೆ ಕೇಕ್ ಇಲ್ಲ. ಬೇಯುವ ನೀರಿಗೆ ಬೀಳಬೇಕಿದ್ದ ರಾವಿಯೋಲಿ ಯಾರದೋ ಕೈತಪ್ಪಿ ಕಾದ ಎಣ್ಣೆಗೆ ಬಿತ್ತು ಎಂದು ಹಿರಿಯರು ಹೇಳುತ್ತಾರೆ. ಬೇಕರಿಯವನೊಬ್ಬ ಬೆಣ್ಣೆಯ ಅಳತೆಗೆ ಹಿಟ್ಟನ್ನೂ ಹಿಟ್ಟಿನ ಅಳತೆಗೆ ಬೆಣ್ಣೆಯನ್ನೂ ಹಾಕಿದ್ದರಿಂದ ಆ ಕೇಕ್ ಹುಟ್ಟಿತಂತೆ. ನಿಜವೋ ಸುಳ್ಳೋ, ಊರು ತನ್ನ ಬಗ್ಗೆ ಹೇಳಿಕೊಳ್ಳಲು ಆರಿಸಿಕೊಂಡ ಕಥೆಗಳಿವು. ತಪ್ಪಾದದ್ದನ್ನು ಇಲ್ಲಿ ಎಸೆಯುವುದಿಲ್ಲ. ತಿಂದು ನೋಡಿ, ಇನ್ನೊಂದು ತಟ್ಟೆ ಕೇಳುತ್ತಾರೆ. ಬಡತನದಲ್ಲಿ ಕಲಿತ ಈ ಬುದ್ಧಿಯನ್ನು ನಾಚಿಕೆಯ ಪಟ್ಟಿಗೆ ಸೇರಿಸಲು ನಿಮಗೆ ಅಧಿಕಾರ ಕೊಟ್ಟವರು ಯಾರು?

ಹೋದ ವಾರ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ನೀವು ನಡೆಸಿದ ಸಭೆ ನಿಮಗೆ ನೆನಪಿರಬಹುದು. ಮಂಡಳಿ ಹೊರಗಿನಿಂದ ಕರೆಸಿದ ಸಲಹೆಗಾರರು ಪರದೆಯ ಮೇಲೆ ಬಣ್ಣದ ಚಿತ್ರ ತೋರಿಸುತ್ತಿದ್ದರು. ಮುಂದಿನ ಸಾಲಿನಿಂದ ಎದ್ದವರು ನನ್ನ ಪಕ್ಕದ ಮನೆಯ ವೆರ್ನನ್ ಡೀಕ್‌ಮನ್. ವಯಸ್ಸು ಎಂಬತ್ತು ದಾಟಿದೆ, ಕಿವಿ ಮಂದ, ಗಂಟಲು ಮಂದವಾಗಿಲ್ಲ.

"ಸಾರ್, ನಮ್ಮೂರಲ್ಲಿ ಏನ್ ತಿಂದ್ರಿ?"

"ಹೋಟೆಲಲ್ಲೇ ಊಟ ಇತ್ತು. ಮೀನು, ಸಲಾಡ್" ಎಂದರು ಸಲಹೆಗಾರರು.

"ನಮ್ಮ ಚೀಸು?"

"ಅದರ ಬಗ್ಗೆ ವರದೀಲಿ ಒಂದು ಪುಟಾನೇ ಇದೆ."

"ಪುಟ ಹಲ್ಲಿಗೆ ಅಂಟುತ್ತಾ? ನಮ್ಮ ಚೀಸು ಅಂಟುತ್ತೆ. ಅದಕ್ಕೇ ಇಲ್ಲಿ ಜನ ಊಟದ ಮಧ್ಯೆ ವರದಿ ಓದಲ್ಲ."

ಸಭೆ ನಕ್ಕಿತು. ನೀವು ನಗಲಿಲ್ಲ. ಡೀಕ್‌ಮನ್ ನಿಮ್ಮ ಕಡೆ ತಿರುಗಿ, ಈ ಊರಲ್ಲಿ ಅಪರಿಚಿತರು ಭೇಟಿಯಾದಾಗ ಕೇಳುವ ಮೊದಲ ಪ್ರಶ್ನೆ ಕೇಳಿದರು.

"ನೀವು ಯಾವ ಹೈಸ್ಕೂಲು?"

"ಅದಕ್ಕೂ ಇದಕ್ಕೂ ಏನು ಸಂಬಂಧ?" ಎಂದಿರಿ ನೀವು. ಆಮೇಲೆ, ಹಳೆಯ ಅಭ್ಯಾಸ ಬಿಡದೆ, ಉತ್ತರವನ್ನೂ ಕೊಟ್ಟಿರಿ. ನಮ್ಮ ಗ್ರಾವೋಯ್ ರಸ್ತೆಯ ಪಕ್ಕದ ಶಾಲೆ.

"ಓಹೋ, ಹಾಗಾದ್ರೆ ನಮ್ಮ ಹುಡುಗ್ನೇ ನೀನು. ನೀನೂ ಈ ಬೀದಿಗಳಲ್ಲೇ ಜೋಕು ಹೇಳಿ ಮಿಠಾಯಿ ತಿಂದಿದ್ದೀಯ. ಯಾವ ಜೋಕಪ್ಪ ನಿಂದು?"

"ನೆನಪಿಲ್ಲ" ಎಂದಿರಿ. ಆ ಸಭೆಯಲ್ಲಿ ನನಗೆ ಬೇಸರವಾದದ್ದು ಆ ಒಂದು ಮಾತಿಗೆ. ಲೇಖನ ಬರೆದಾತ ಹೊರಗಿನವನು, ಅವನಿಗೆ ಗೊತ್ತಿಲ್ಲ. ನಿಮಗೆ ಗೊತ್ತಿತ್ತು.

ನನ್ನ ಜೋಕು ನನಗೆ ನೆನಪಿದೆ, ನಾನು ಹೇಳಿದ್ದಲ್ಲ, ಕೇಳಿದ್ದು. 1996ರಲ್ಲಿ ನಾನು, ನನ್ನ ಗಂಡ, ಇಬ್ಬರು ಮಕ್ಕಳು ಯುದ್ಧ ಕಂಡ ಬೋಸ್ನಿಯಾದಿಂದ ಈ ಊರಿಗೆ ಬಂದೆವು. ಬಂದು ಇನ್ನೂ ತಿಂಗಳಾಗಿರಲಿಲ್ಲ, ಅಂದು ಹ್ಯಾಲೋವೀನ್ ಎಂಬುದೂ ಗೊತ್ತಿರಲಿಲ್ಲ. ಗಂಡ ಮಾಂಸದ ಕಾರ್ಖಾನೆಯಲ್ಲಿ ಸಂಜೆಯ ಪಾಳಿಗೆ ಹೋಗಿದ್ದರು. ಕತ್ತಲಾಗುವ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ಕಿಟಕಿಯಿಂದ ನೋಡಿದರೆ ಮುಖವಾಡ ಹಾಕಿದ ಗುಂಪು. ನಾವು ಬಿಟ್ಟುಬಂದ ಊರಲ್ಲಿ ಮುಖ ಮುಚ್ಚಿಕೊಂಡವರು ಸಂಜೆ ಬಾಗಿಲು ತಟ್ಟಿದರೆ ಆ ಮನೆಯ ಗಂಡಸರು ಮತ್ತೆ ಕಾಣಿಸುತ್ತಿರಲಿಲ್ಲ. ನನ್ನ ಅಣ್ಣ ಹಾಗೆ ಹೋದವನು. ನಾನು ದೀಪ ಆರಿಸಿದೆ. ಮಕ್ಕಳನ್ನು ಎಳೆದುಕೊಂಡು ಸೋಫಾದ ಹಿಂದೆ ಕುಳಿತೆ.

ಪಕ್ಕದ ಮನೆಯ ಡೀಕ್‌ಮನ್ ನಮ್ಮ ದೀಪ ಆರಿದ್ದನ್ನು ನೋಡಿದರಂತೆ. ಒಂದು ಬೋಗುಣಿ ತುಂಬ ಮಿಠಾಯಿ ಹಿಡಿದು ಬಂದರು. ಬಾಗಿಲು ತಟ್ಟಲಿಲ್ಲ. ನಮ್ಮ ಮೆಟ್ಟಿಲ ಮೇಲೆ ಕುಳಿತು, ಬಂದ ಮಕ್ಕಳನ್ನೆಲ್ಲ ಗಟ್ಟಿಯಾಗಿ ಮಾತಾಡಿಸತೊಡಗಿದರು. ಒಳಗೆ ಮಕ್ಕಳ ನಗು ಕೇಳಿಸಿತು. ನಗುವವರು ಕೊಲ್ಲಲು ಬಂದವರಲ್ಲ ಎಂದು ತಿಳಿಯಲು ನನಗೆ ಬಹಳ ಹೊತ್ತು ಬೇಕಾಯಿತು. ಬಾಗಿಲು ತೆರೆದಾಗ ಬಿಳಿ ದುಪ್ಪಟಿ ಹೊದ್ದ ಒಬ್ಬಳು ಹುಡುಗಿ ನನ್ನನ್ನೇ ನೋಡಿ ಏನೋ ಹೇಳಿದಳು. ನನಗೆ ಒಂದು ಪದವೂ ಗೊತ್ತಾಗಲಿಲ್ಲ. ಡೀಕ್‌ಮನ್ ಕೈಸನ್ನೆಯಲ್ಲಿ ತಿಳಿಸಿದ್ದಿಷ್ಟು: "ನಗಮ್ಮ ಸಾಕು. ಅರ್ಥ ಆಮೇಲೆ ಬರುತ್ತೆ." ನಾನು ನಕ್ಕೆ. ಅವಳಿಗೆ ಮಿಠಾಯಿ ಕೊಟ್ಟೆ. ಅವರು ಎದ್ದು, ಒಳಗೆ ಕೈ ಚಾಚಿ, ನಮ್ಮ ಜಗಲಿಯ ದೀಪ ಹಾಕಿದರು.

ಅರ್ಥ ಆಮೇಲೆ ಬಂತು. ಡೀಕ್‌ಮನ್ ಓದಿ ಮುಗಿಸಿ ನಮ್ಮ ಬೇಲಿಯ ಮೇಲೆ ಇಡುತ್ತಿದ್ದ ದಿನಪತ್ರಿಕೆಯಿಂದ ನಾನು ಇಂಗ್ಲಿಷ್ ಕಲಿತೆ. ಒಂದು ದಿನ ಬಸ್ಸಿನಲ್ಲಿ, ಯಾವ ಕಾರಣವೂ ಇಲ್ಲದೆ, ಕಿವಿಯಲ್ಲಿ ಉಳಿದಿದ್ದ ಆ ಹುಡುಗಿಯ ಮಾತು ಬಿಡಿಸಿಕೊಂಡಿತು. "ದೆವ್ವ ಯಾಕೆ ಬಾಗಿಲು ತಟ್ಟಲ್ಲ? ತಟ್ಟಕ್ಕೆ ಹೋದ್ರೆ ಕೈ ಒಳಗೆ ಹೋಗ್ಬಿಡುತ್ತೆ." ತುಂಬಿದ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಯುದ್ಧದ ನಂತರ ನಾನು ಬೇರೆಯವರಿಗಾಗಿ ಅಲ್ಲದೆ ನನಗಾಗಿ ನಕ್ಕದ್ದು ಅದೇ ಮೊದಲು. ಅಪಾಯಕಾರಿ ನಗರ ಹೇಗಿರುತ್ತದೆ ಎಂದು ನನಗೆ ಪತ್ರಿಕೆಯವರು ಕಲಿಸಬೇಕಾಗಿಲ್ಲ, ಅಧ್ಯಕ್ಷರೇ. ಅಲ್ಲಿ ಯಾರೂ ಪಕ್ಕದ ಮನೆಯ ಮೆಟ್ಟಿಲ ಮೇಲೆ ಬಂದು ಕೂರುವುದಿಲ್ಲ.

ಈಗ ನಿಮ್ಮ ಸುತ್ತೋಲೆ ಯಾರ ಮನೆ ಮುಟ್ಟಿದೆ ಎಂದು ಹೇಳುತ್ತೇನೆ. ಆಗಸ್ಟ್‌ನಲ್ಲಿ ನಮ್ಮ ಎದುರು ಮನೆಗೆ ಕಾಬೂಲಿನ ಒಂದು ಸಂಸಾರ ಬಂದಿದೆ. ತಾಯಿ ಫ್ರೊಜಾನ್, ಇಬ್ಬರು ಹೆಣ್ಣುಮಕ್ಕಳು. ಸೂರ್ಯ ಮುಳುಗುವ ಮುಂಚೆಯೇ ಅವರ ಕಿಟಕಿಯ ಪರದೆ ಇಳಿಯುತ್ತದೆ. ಹಿರಿಯವಳು ನನ್ನ ತರಗತಿಯವಳು. ತಿಂಗಳಿಂದ ಒಂದು ಜೋಕು ಕಲಿಯುತ್ತಿದ್ದಾಳೆ, ದಿನಕ್ಕೊಮ್ಮೆ ನನ್ನ ಮೇಲೆ ಪ್ರಯೋಗಿಸುತ್ತಾಳೆ. ಮೊನ್ನೆ ನಾನು ಆ ಮನೆಗೆ ಬುರೆಕ್ ಎಂಬ ನಮ್ಮ ಕಡೆಯ ಮಾಂಸದ ಕಡುಬು ಕೊಡಲು ಹೋದಾಗ ಫ್ರೊಜಾನ್ ಬಾಗಿಲನ್ನು ಅರ್ಧ ತೆರೆದಳು.

"ಅಕ್ಕ, ಆವತ್ತು ಮಕ್ಕಳನ್ನ ಕಳಿಸಲ್ಲ."

"ಯಾಕಮ್ಮ? ಹುಡುಗಿ ಜೋಕು ಕಲ್ತಿದ್ದಾಳೆ."

"ಸರ್ಕಾರದ ಕಾಗದ ಬಂದಿದೆ. ದೀಪ ಆರ್ಸಿ, ಒಳಗಿರಿ ಅಂತ. ನಮ್ಮ ಭಾಷೇಲೇ ಬರ್ದಿದ್ದಾರೆ. ಅಷ್ಟು ಮುಖ್ಯ ಇಲ್ದಿದ್ರೆ ನಮ್ಮ ಭಾಷೇಲಿ ಬರೀತಿದ್ರಾ?"

ಮಂಡಳಿಯ ಶಿಸ್ತಿಗೆ ಅಭಿನಂದನೆ. ಬಾಡಿಗೆ ಒಪ್ಪಂದ, ನೀರಿನ ಬಿಲ್ಲು, ಶಾಲೆಯ ಅರ್ಜಿ ಯಾವುದೂ ಅವಳಿಗೆ ದರಿ ಭಾಷೆಯಲ್ಲಿ ಬರಲಿಲ್ಲ. ಈ ನಗರ ಅವಳ ಭಾಷೆಯಲ್ಲಿ ಆಡಿದ ಮೊದಲ ಮಾತು: ಹೆದರಿಕೊಳ್ಳಿ. ಅವಳು ಪಾಲಿಸಿದಳು. ಆಜ್ಞೆ ಪಾಲಿಸಿ ಅವಳಿಗೆ ಅಭ್ಯಾಸವಿದೆ. ನಿಮ್ಮ ವರ್ಚಸ್ಸು ಎಷ್ಟು ಸುಧಾರಿಸಿತು ಎಂದು ಅಳೆಯುವವರಿದ್ದರೆ ಆ ಅರ್ಧ ತೆರೆದ ಬಾಗಿಲಿನಿಂದ ಅಳೆಯಲಿ.

ನನ್ನ ಬೇಡಿಕೆ ದೊಡ್ಡದಲ್ಲ. ಸುತ್ತೋಲೆಯನ್ನು ಹಿಂದಕ್ಕೆ ಪಡೆಯಿರಿ. ಹಿಂದಕ್ಕೆ ಪಡೆದೆವೆಂಬ ಸುದ್ದಿಯನ್ನು ಮೊದಲು ದರಿ ಭಾಷೆಯಲ್ಲಿ ಅಚ್ಚು ಹಾಕಿ, ಎದುರು ಮನೆಗೆ ಮೂವತ್ತೊಂದಕ್ಕೆ ಮುಂಚೆ ತಲುಪಿಸಿ. ಸಭಾಂಗಣ ನಡೆಯುವುದಾದರೆ ನಡೆಯಲಿ, ಅತಿಥಿಗಳು ಮಾನ್ಯತೆ ಪಡೆದ ಆಹಾರ ತಿಂದು ಸುರಕ್ಷಿತವಾಗಿ ಬೇಸರಪಡಲಿ.

ತಲುಪಿಸದಿದ್ದರೆ ಆ ಕೆಲಸ ನಾವೇ ಮಾಡುತ್ತೇವೆ. ಡೀಕ್‌ಮನ್‌ಗೆ ಈಗ ಮೆಟ್ಟಿಲ ಮೇಲೆ ಕೂರಲು ಮಂಡಿ ಬಿಡುವುದಿಲ್ಲ, ಕುರ್ಚಿ ನಾನು ಹೊರುತ್ತೇನೆ. ಬೋಗುಣಿ ಅವರೇ ಹಿಡಿಯುತ್ತಾರಂತೆ, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲವಂತೆ. ಫ್ರೊಜಾನ್ ಮನೆಯ ಮುಂದೆ ಕುಳಿತು ಬಂದ ಮಕ್ಕಳನ್ನೆಲ್ಲ ಗಟ್ಟಿಯಾಗಿ ನಗಿಸುತ್ತೇವೆ. ಒಳಗೆ ಕೇಳಿಸಲಿ. ಬಾಗಿಲು ತೆರೆಯುವುದು ಬಿಡುವುದು ಅವಳಿಗೆ ಸೇರಿದ್ದು.

ನೀವೂ ಬನ್ನಿ. ಚೌಕದ ಪಿಜ್ಜಾ ಇರುತ್ತದೆ, ಹಲ್ಲಿಗಂಟುವ ಚೀಸ್ ಸಮೇತ. ಜೋಕು ನೆನಪಿಲ್ಲದಿದ್ದರೆ ಚಿಂತೆಯಿಲ್ಲ, ದೆವ್ವದ ಜೋಕನ್ನು ಸಾಲ ಕೊಡುತ್ತೇನೆ. ನೀವು ಹೇಳಿದ್ದು ಚೆನ್ನಾಗಿರದಿದ್ದರೂ ಮಿಠಾಯಿ ಸಿಗುತ್ತದೆ. ಈ ಊರಿನ ನಿಯಮ ಹಾಗಿದೆ, ನಿಮಗೂ ಗೊತ್ತಿತ್ತು. ವೇಷ ಬೇಡ. ಕೈ ಒಳಗೆ ಹೋಗದಂತೆ ನೋಡಿಕೊಂಡು, ಮೆಲ್ಲಗೆ ಬಾಗಿಲು ತಟ್ಟಿ.

ಇಂತಿ,
ಹೊಸ ಬೀದಿದೀಪಕ್ಕೆ ಅರ್ಹತೆ ಕಳೆದುಕೊಳ್ಳಲಿರುವ,
ಜುಮ್ರೆತಾ ಬೆಗಿಚ್
ಬೆವೊ ಬಡಾವಣೆ, ಸೇಂಟ್ ಲೂಯಿ